ಅಕ್ಕನ ಆಯೇರಿ ಸೀರಿ ಮತ್ತ ಮಿಂಚೋ ವೆಬ್‌ಸೈಟುಗಳು

ಜಮಖಂಡ್ಯಾಗ ಕುಂತು ವೆಬ್‌ಸೈಟ್ ಮಾಡೂ ಉದ್ಯೋಗ ಹಿಡದ್ರ, ಸಿಟ್ಟ ಬರಸೂ ಮಂದೀನ ಹುಡುಕಕೋತ ಹೋಗೂ ಕೆಲಸಿಲ್ಲ. ಅವರಾಗೇ ಫೋನ ಮಾಡಿ, ಪತ್ತೆ ಕೇಳಿ, ಮೆಟ್ಟಲ ಹತ್ತಿ ಅಂಗಡಿಗೆ ಬರತಾರ. ಒಬ್ಬರ ಸಿಟ್ಟ ಇಳೀತು ಅನ್ನೂದ್ರಾಗ ಇನ್ನೊಬ್ಬರು ಚಪ್ಪಲಿ ಬಿಡಾಕತ್ತಿರತಾರ.

ಎಲ್ಲಾರದೂ ಒಂದ ಮಾತು, ಮಿಂಚಬೇಕ್ರಿ. ಏನ ಮಾರತೀರಿ, ಓದಾವ್ರು ಯಾರು, ಅವರಿಗೆ ಏನ ತಿಳೀಬೇಕು, ಇದ್ಯಾವದೂ ಗೊತ್ತಿರಂಗಿಲ್ಲ. ಮಿಂಚಬೇಕು ಅಷ್ಟ. ನಾನೂ ಚಂದ ಬ್ಯಾಡ ಅನ್ನಾವಲ್ಲ. ಮಿಂಚಲಿ, ಕುಣೀಲಿ, ಖರೆ ಮುದುಕರಿಗೆ, ಕಣ್ಣ ಮಸಕಾದವ್ರಿಗೆ, ಕಣ್ಣ ಇಲ್ಲದವ್ರಿಗೆ, ಎಲ್ಲಾರಿಗೂ ಓದಾಕ ಬರಲಿ ಅಂತೇನಿ. ಚಂದಾನೂ ಇದ್ದು ಓದಾಕೂ ಬರೂಹಂಗ ಮಾಡಾಕ ಬರತೈತಿ ಅಂತ ಎಷ್ಟ ಹೇಳಿದ್ರೂ ನಂಬಂಗಿಲ್ಲ. ಮದವಿ ಪಂಕ್ತ್ಯಾಗ ಕುಂತು ಪಥ್ಯದ ಗಂಜಿ ಕೇಳಿದವನ್ನ ನೋಡಿಧಂಗ ನನ್ನ ನೋಡತಾರ.

ಈ ಹಟ ನನಗ ಪುಸ್ತಕಾ ಓದಿ ಬಂದದ್ದಲ್ಲ, ನಮ್ಮ ಅಕ್ಕನಿಂದ ಬಂದದ್ದು. ಸಾಲಿಗೆ ಹೋಗೂ ವಯಸ್ಸಿನ್ಯಾಗ ಜ್ವರ ಬಂದು ಆಕಿ ಕಣ್ಣ ಹೋದ್ವು. ಹಂಗಂತ ಮೂಲಿಗೆ ಕುಂಡ್ರಲಿಲ್ಲ. ಕಲತಳು, ಬ್ಯಾಂಕಿನ್ಯಾಗ ಟೆಲಿಫೋನ್ ಆಪರೇಟರ್ ಆದಳು, ನಮ್ಮ ಜೋಡಿನ ಮನ್ಯಾಗ ಅದಾಳ. ಆಕಿ ಕಂಪ್ಯೂಟರಿನ್ಯಾಗ ಪರದೆ ಮ್ಯಾಲಿಂದು ಓದಿ ಹೇಳೂ ಸಾಫ್ಟ್‌ವೇರ್ ಐತಿ. ಪಾಠ ಒಪ್ಪಸಿಧಂಗ ಒಂದ ಸಮ ಓದತೈತಿ ಅಂತ ಅದಕ್ಕ ಆಕಿ ಇಟ್ಟ ಹೆಸರು ಮಾಸ್ತರ. ನಾ ಮಾಡಿದ ಪ್ರತಿಯೊಂದು ಕೆಲಸಾ ಮದ್ಲ ಮಾಸ್ತರನ ಮುಂದ, ಆಮ್ಯಾಲ ಗಿರಾಕಿ ಮುಂದ.

ಯಾವ ಬಣ್ಣಾದ್ರೇನ್ರಿ

ನನ್ನ ಮಗಳ ಮದವಿ ಗೊತ್ತಾದ ವರ್ಷದ ಮಾತಿದು. ನಮ್ಮ ಕಡೆ ಮದವ್ಯಾಗ ಬಳಗದವರು ಬಟ್ಟಿ ಕೊಡತಾರ, ಅದಕ್ಕ ಆಯೇರಿ ಅಂತೇವಿ. ಕೊಟ್ಟವರೂ ನೋಡಿರಂಗಿಲ್ಲ, ತಗೊಂಡವರೂ ಬಿಚ್ಚಂಗಿಲ್ಲ. ಒಂದ ಸೀರಿ ಹತ್ತ ಮದವಿ ತಿರಗಿ ಹೊಳ್ಳಿ ಕೊಟ್ಟವರ ಮನೀಗೇ ಬಂದು ಮುಟ್ಟತೈತಿ.

ಅಕ್ಕ ಕಡ್ಡಿ ಮುರದಂಗ ಹೇಳಿದಳು, ಸೋದರತ್ತಿ ಆಗಿ ತಾ ಕೊಡೂ ಸೀರಿ ಅಂಥಾದ್ದಾಗಬಾರದು, ಹುಡುಗಿ ಉಟ್ಟು ತಿರಗಬೇಕು, ಮತ್ತ ಅದನ್ನ ತಾನ ಆರಿಸಬೇಕು. ಇಷ್ಟ ವರ್ಷ ಅಕ್ಕ ಉಟ್ಟ ಸೀರಿ ಎಲ್ಲಾ ಬ್ಯಾರೆಯವರು ಆರಿಸಿದ್ದು. ಅವ್ವ ಇದ್ದಾಗ ಅವ್ವ, ಆಮ್ಯಾಲ ನನ್ನ ಹೆಂಡತಿ. ಒಂದ ಸಲರೆ ತನ್ನ ಮನಸಿನಂಗ ಆಗಲಿ ಅಂತ ಆಕಿ ಆಶೆ. ದಾಳಿಂಬ್ರಿ ಕೆಂಪ ಮೈ, ನವಿಲಗರಿ ಬಣ್ಣದ ದಡಿ ಅಂತ ಮನಸಿನ್ಯಾಗ ಠರಾಯಿಸಿ ಇಟ್ಟಿದ್ದಳು.

ಬನಹಟ್ಟ್ಯಾಗ ಒಂದು ದೊಡ್ಡ ಸೀರಿ ಅಂಗಡಿಗೆ ಕರಕೊಂಡ ಹೋದ್ನಿ. ಗಾದಿ ಮ್ಯಾಲ ಕುಂತ ಸಾವ್ಕಾರ್ರು ನನ್ನ ಕೇಳಿದ್ರು, ನಿಮ್ಮ ಅಕ್ಕಾರಿಗೆ ಎಂಥಾದ್ದ ಬೇಕಂತ? ಅಕ್ಕ ಅವರ ಎದರಿಗೇ ಕುಂತಾಳ. ಆಕಿಗೆ ಕಣ್ಣಿಲ್ಲ, ಕಿವಿ ಅದಾವ, ಬಾಯೀನೂ ಐತಿ, ಅದೂ ಸಣ್ಣ ಬಾಯಲ್ಲ. ಅಕ್ಕನ ಹೇಳಿದಳು, ದಾಳಿಂಬ್ರಿ ಕೆಂಪ, ನವಿಲಗರಿ ದಡಿ. ಸಾವ್ಕಾರ್ರು ಮತ್ತ ನನ್ನ ಕಡೇನ ತಿರಗಿ ದನಿ ಸಣ್ಣ ಮಾಡಿ, "ಅವರಿಗೆ ಯಾವ ಬಣ್ಣಾದ್ರೇನ್ರಿ" ಅಂದು, ಕೈಗೆ ಸಿಕ್ಕದ್ದೊಂದ ಸೀರಿ ಮುಂದ ಒಗದ್ರು. ಅಕ್ಕ ಅದನ್ನ ಮುಟ್ಟಿ, ಇದರ ಬಣ್ಣ ಯಾವದ್ರಿ ಅಂತ ಕೇಳಿದಳು. ದಾಳಿಂಬ್ರಿ ಕೆಂಪನ ಐತ್ರಿ ಅಂದ್ರು ಸಾವ್ಕಾರ್ರು.

ಅದು ಹಸರ ಇತ್ತು.

ನಾ ಎದ್ದ ನಿಂತು ಬಾಯಿಗೆ ಬಂಧಂಗ ಬೈದ್ನಿ. ಅಂಗಡ್ಯಾಗ ಕುಂತ ಹೆಣ್ಣಮಕ್ಕಳು ಸೀರಿ ಬಿಟ್ಟು ನನ್ನ ನೋಡಾಕತ್ರು. ಅಕ್ಕ ನನ್ನ ರಟ್ಟಿ ಹಿಡದು ಹೊರಗ ಎಳಕೊಂಡ ಬಂದಳು. ಬಸ್ಸಿನ್ಯಾಗ ಕುಂತು ಅಂದಳು, "ನೀ ವೆಬ್‌ಸೈಟ್ ಮಾಡಾವ ಅಲ್ಲೇನೋ ತಮ್ಮಾ. ಯಾರನ್ನೂ ಕೇಳದ ನಾನ ಕುಂತು ಸೀರಿ ಆರಿಸೂಹಂಗ ಒಂದ ಮಾಡು. ಮದವಿ ಒಳಗ ಮಾಡು." ನಾ ಹೂಂ ಅಂದ್ನಿ. ಅಷ್ಟಕ್ಕ ಬಿಡಲಿಲ್ಲ. ಚಂದನ ಇರಬೇಕು, ನನಗ ಕಾಣಂಗಿಲ್ಲಂತ ಹೊಲಸ ಮಾಡಿಟ್ಟೀ ಅಂದ್ರ ನನಗ ಗೊತ್ತಾಗತೈತಿ ಅಂತ ಹೆದರಸಿದಳು.

ಭಂಡಾರದ ಹಳದಿ

ಸೀರಿ ಅಂಗಡಿ ಒಂದೂ ನನ್ನ ಕೈಗೆ ಬರಲಿಲ್ಲ. ಬಂದವರು ಮುಧೋಳದ ಬೆಲ್ಲದ ವ್ಯಾಪಾರಿ. ಬೀರದೇವರ ಒಕ್ಕಲು, ಹಣಿ ತುಂಬ ಭಂಡಾರ, ಅಂದ್ರ ದೇವರ ಅರಿಷಿಣ ಪುಡಿ. ವೆಬ್‌ಸೈಟ್ ಪೂರಾ ಭಂಡಾರದ ಹಳದಿ ಬಣ್ಣದ್ದಿರಬೇಕು ಅಂದ್ರು. ಛಲೋ ಆತು, ಹಳದಿ ನನಗೂ ಸೇರತೈತಿ. ಆ ಹಳದಿ ಮ್ಯಾಲ ಕಾಕಂಬಿಯಂಥಾ ಕಪ್ಪ ಬಣ್ಣದ ದಟ್ಟ ಅಕ್ಷರ ಕುಂಡ್ರಿಸಿ ತೋರಿಸಿದ್ನಿ. ನನಗ ನಾನ ಶಾಭಾಸ್ ಅನ್ನೂಹಂಗ ಬಂದಿತ್ತು.

ಅವರ ಮಾರಿ ಇಳೀತು. ಬೆಲ್ಲ ಮಾರಾವನ ಮನಿ ಮುಂದ ಕಾಕಂಬಿ ಚೆಲ್ಲತೀರೇನ್ರಿ ಅಂದ್ರು. ಬೆಲ್ಲ ಕಪ್ಪಾದ್ರ ಪ್ಯಾಟ್ಯಾಗ ಮೂಸಿ ನೋಡಾವ್ರಿಲ್ಲ, ಅಕ್ಷರಾನೂ ಬೆಲ್ಲದ ಬಣ್ಣದಾವ ಬೇಕು, ಬಂಗಾರಧಂಗ ಹೊಳೀಬೇಕು. ಹಳದಿ ಮ್ಯಾಲ ಬಂಗಾರ ಬರದ್ರ ಯಾರಿಗ್ರೀ ಕಾಣತೈತಿ ಅಂತ ನಾ ಕೇಳಿದ್ನಿ. ಜೋಡಿ ಅವರ ತಂದಿ ಬಂದಿದ್ರು, ಕಣ್ಣಿನ ಪೊರಿ ತಗಸಬೇಕಾಗಿದ್ದ ಹಿರಿಯರು. ಬಂಗಾರದ ಅಕ್ಷರದಾಗ ಫೋನ್ ನಂಬರ ಹಾಕಿ ಅವರ ಮುಂದ ಹಿಡದು, ಓದ್ರಿ ಅಜ್ಜಾರ ಅಂದ್ನಿ. ಹಿರಿಯರು ಪರದೆಗೆ ಮೂಗ ಹಚ್ಚಿ, ಹಿಂದ ಸರದು, ಏನೂ ಇಲ್ಲಲ್ಲೋ ಇದರಾಗ ಅಂದ್ರು. ನೋಡ್ರಿ ಅಂತ ನಾ ವ್ಯಾಪಾರಿ ಮಾರಿ ನೋಡಿದ್ರ, ಅಪ್ಪಗ ನಂಬರ ಬಾಯಿಪಾಠ ಐತ್ರಿ, ಅವರು ಓದೂದ್ಯಾಕ ಅಂದ್ರು.

ನಾ ಒಲ್ಲೆ ಅಂದ್ನಿ. ಅವರು ವಿಜಾಪುರದಾಗ ಬ್ಯಾರೆಯವರ ಕಡೆ ಬಂಗಾರದ ಅಕ್ಷರ ಮಾಡಿಸಿಕೊಂಡ್ರು. ನಂಬರ ಕಾಣವಲ್ದು ಅಂತ ಗಿರಾಕಿಗೋಳ ಒದರ್ಯಾಡಿದ ಮ್ಯಾಲ, ಅಂಗಡಿ ಗ್ವಾಡಿಗೆ ದೊಡ್ಡ ಬೋರ್ಡ ಹಾಕಿಸಿ ಕರೇ ಬಣ್ಣದಾಗ ನಂಬರ ಬರಸಿದ್ರು. ಆ ಬೋರ್ಡಿನ ಫೋಟೋ ತಗದು ವೆಬ್‌ಸೈಟಿಗೆ ಹಚ್ಚಿದ್ರು. ಅಕ್ಕ ತಗದು ನೋಡಿದ್ರ ಮಾಸ್ತರ "ಚಿತ್ರ" ಅಂತ ಒಂದ ಮಾತ ಹೇಳಿ ಸುಮ್ನಾದ. ಚಿತ್ರದಾಗ ಏನೈತಿ ಹೇಳೋ ಅಂತ ನನ್ನ ಕೇಳಿದಳು. ನೋಡಿದ್ನಿ. ಗ್ವಾಡಿ ಐತಿ, ಗ್ವಾಡಿಗೆ ಬೋರ್ಡ ಐತಿ, ಬೋರ್ಡಿನ ಮುಂದ ನಮ್ಮ ಬೆಲ್ಲದ ವ್ಯಾಪಾರಿ ಎದಿ ಉಬ್ಬಿಸಿ ನಂಬರಿಗೆ ಅಡ್ಡ ನಿಂತಾರ.

ಓಡೋ ಅಕ್ಷರ

ಬೀಳಗಿ ತಾಲೂಕಿನ್ಯಾಗ, ಹಿನ್ನೀರಿಗೆ ಹಳೇ ಊರು ಹೋದ ಮ್ಯಾಲ ಕಟ್ಟಿದ ಹೊಸ ಊರಾಗ ಒಂದು ಕಾಲೇಜು. ಅದರ ಅಧ್ಯಕ್ಷರಿಗೆ ಸುಮ್ನ ನಿಂತದ್ದು ಯಾವದೂ ಸೇರಂಗಿಲ್ಲ. ವೆಬ್‌ಸೈಟ್ ತಗದಕೂಡ್ಲೆ ಮ್ಯಾಲಿಂದ ಹೂ ಉದರಬೇಕು, ಎರಡೂ ಕಡೆ ದೀಪ ಕುಣೀಬೇಕು, ಶಹನಾಯಿ ಹತ್ತಬೇಕು, ಪ್ರವೇಶದ ನೋಟೀಸು ಎಡಕ ಹುಟ್ಟಿ ಬಲಕ ಓಡಿ ಹೋಗಬೇಕು. ಇದು ಕಾಲೇಜೋ ಕಲ್ಯಾಣ ಮಂಟಪೋ ಅಂತ ಬಾಯಿ ತುದೀಗೆ ಬಂದಿತ್ತು, ನುಂಗಿಕೊಂಡ್ನಿ.

ನಾ ಸಮಾಧಾನದಿಂದ ಹೇಳಿದ್ನಿ, ಸರ್, ಶಹನಾಯಿ ತಾನ ಹತ್ತಿದ್ರ ನಮ್ಮ ಅಕ್ಕನಂಥವರಿಗೆ ಓದಿ ಹೇಳೂ ದನಿ ಕೇಳಂಗಿಲ್ಲ. ಹೂ ಒಂದ ಕಡೆ ತಣ್ಣಗ ಕುಂತ್ರೂ ಚಂದನ ಕಾಣತಾವ. ನೋಟೀಸ್ ನಿಂತಿರಲಿ, ತಾರೀಖು ಓದೂದ್ರಾಗ ಅದು ಓಡಿ ಹೋದ್ರ ಹ್ಯಾಂಗ? ಹಳ್ಳಿ ತಂದಿ ತಾಯಿ ಒಂದೊಂದ ಅಕ್ಷರಾ ಕೂಡಿಸಿ ಓದತಾರ.

ಅಧ್ಯಕ್ಷರು ಕನ್ನಡಕಾ ತಗದು ಮೇಜಿನ ಮ್ಯಾಲ ಇಟ್ರು. "ಗಲಗಲಿ ಬಸ್ಸ ಓಡಾಕತ್ತಾಗ ಹಾರಿ ಹತ್ತೋ ಹುಡುಗ್ರು ಇವು. ಓಡೋ ಅಕ್ಷರ ಹಿಡ್ಯೂದಿಲ್ಲಂತೀರಾ?"

ಕೈ ಮುಗದು ಬಂದ್ನಿ. ಅವರು ಓಡಿಸಾವ್ರ ಕಡೇನ ಓಡಿಸಿಕೊಂಡ್ರು. ಪ್ರವೇಶದ ದಿನಗಳಾಗ ಒಂದು ಕೆಲಸಕ್ಕ ಆ ಕಡೆ ಹೋಗಿದ್ನಿ. ಕಾಲೇಜಿನ ಆಫೀಸಿನ್ಯಾಗ ಪಾಲಕರು ಮುಕರಿ ನಿಂತಾರ, ಕಡೇ ತಾರೀಖು ಯಾವದ್ರಿ ಅಂತ ಎಲ್ಲಾರದೂ ಒಂದ ಕೂಗು. ಕ್ಲರ್ಕ್‌ಗೂ ಗೊತ್ತಿಲ್ಲ. ಶಹನಾಯಿ ಕೇಳಕೋತ, ಉದರೋ ಹೂವಿನ ನಡುವ, ಪರದೆ ಮ್ಯಾಲ ಕೈಬಟ್ಟ ಇಟ್ಟು ಎಡದಿಂದ ಬಲಕ ನೋಟೀಸಿನ ಬೆನ್ನ ಹತ್ಯಾನ ಪಾಪ. ತಾರೀಖು ಸಿಗೂದ್ರಾಗ ಬಟ್ಟ ಪರದೆ ದಾಟಿ ಬಾಜೂಕ ಇದ್ದ ಚಾದ ಕಪ್ಪಿಗೆ ಬೀಳತಿತ್ತು.

ಎರಡೂ ಒಂದ ಅದಾವಲ್ರಿ

ಮುಧೋಳ ತಾಲೂಕಿನ ಕಬ್ಬು ಬೆಳೆಗಾರರ ಒಂದು ಸಣ್ಣ ಸಂಘಕ್ಕ ನಾನ ಮಾಡಿಕೊಟ್ನಿ. ಯಾರ ಹೊಲಕ್ಕ ಕಡಿಯೂ ಗ್ಯಾಂಗ್ ಯಾವಾಗ ಬರತೈತಿ ಅಂತ ತಿಳಿಸೂದು ಅದರ ಕೆಲಸ. ಹೆಸರಿನ ಮುಂದ ಹಸರ ಚುಕ್ಕಿ ಇದ್ರ ಪಾಳಿ ಬಂತು ಅಂತ, ಕೆಂಪ ಚುಕ್ಕಿ ಇದ್ರ ಇನ್ನೂ ತಡೀರಿ ಅಂತ. ಚುಕ್ಕಿ ಬಾಜೂಕ "ಕಡೀರಿ", "ತಡೀರಿ" ಅಂತ ಬರೀತೇನಿ ಅಂದ್ರ ಕಾರ್ಯದರ್ಶಿಗಳು ಬಿಲ್ಕುಲ್ ಬ್ಯಾಡ ಅಂದ್ರು. ಅಕ್ಷರ ಬಂದ್ರ ಚಂದ ಕೆಟ್ಟು ರೇಷನ್ ಅಂಗಡಿ ಫಲಕಧಂಗ ಆಕ್ಕೈತಂತ.

ಹಂಗಾಮ ಸುರು ಆಗೂದ್ರಾಗ ಒಬ್ಬ ರೈತ, ಕೆಂಪ ಚುಕ್ಕಿ ಇದ್ದಾಂವ, ತನ್ನ ಪಾಳಿ ಬಂತಂತ ಗ್ಯಾಂಗ್ ಕರಕೊಂಡ ಹೋಗಿ ಹೊಲದಾಗ ನಿಲ್ಲಿಸಿದ. ಜಗಳ ಸಂಘದ ಆಫೀಸಿಗೆ ಬಂತು. ನನ್ನನ್ನೂ ಕರಸಿದ್ರು, ತಪ್ಪು ಕಂಪ್ಯೂಟರಿನದು ಅಂತ ಹೇಳಾಕ. ಕಾರ್ಯದರ್ಶಿಗಳು ಆ ರೈತಗ ದಬಾಯಿಸಿ ಕೇಳಿದ್ರು, ಕುಡದ ಬಂದೀಯೇನ, ಕೆಂಪ ಯಾವದು ಹಸರ ಯಾವದು ತಿಳ್ಯಂಗಿಲ್ಲೇನ? ಆತ ಹೆದರಕೋತ ಪರದೆ ನೋಡಿದ. ಎರಡೂ ಒಂದ ಅದಾವಲ್ರಿ ಅಂದ. ಕೆಲವು ಮಂದಿಗೆ ಹುಟ್ಟಾನ ಕೆಂಪು ಹಸರು ಬ್ಯಾರೆ ಕಾಣಂಗಿಲ್ಲ, ಕುಡದ ಅಲ್ಲ ಏನಲ್ಲ, ಅದಕ್ಕ ನಾ ಅಕ್ಷರ ಬರೀತೇನಿ ಅಂದದ್ದು ಅಂತ ನಾ ಟೇಬಲ್ ಕುಟ್ಟಿ ಹೇಳಿದ್ನಿ. ಇಂಥಾದ್ದೆಲ್ಲಾ ಸುಳ್ಳು, ಬೇಕಂತ ಮಾಡ್ಯಾನ ಅಂತ ಕಾರ್ಯದರ್ಶಿಗಳು ಪಟ್ಟ ಹಿಡದ್ರು.

ಬಾಜೂಕ ಕುಂತಿದ್ದ ಸಂಘದ ಅಧ್ಯಕ್ಷರು ಕುರ್ಚಿ ಮುಂದ ಎಳಕೊಂಡು ಪರದೆ ಭಾಳೊತ್ತ ನೋಡಿದ್ರು. ಆಮ್ಯಾಲ ಮೆಲ್ಲಕ ಕೇಳಿದ್ರು, "ಅಲ್ರೀ, ಇದರಾಗ ಎರಡ ಬಣ್ಣ ಅದಾವೇನು?"

ಅವತ್ತ ಸಂಜೀಕ ಅಕ್ಷರ ಬರದ್ನಿ.

ಮನುಷ್ಯಾರು ಅದಾರೇನ್ರಿ

ಮದವಿ ಹತ್ರ ಬರಾಕತ್ತಿತ್ತು. ಅಕ್ಕ ದಿನಾ ಕೇಳತಿದ್ದಳು, ಸೀರಿ ಅಂಗಡಿ ಎಲ್ಲಿಗೆ ಬಂತೋ? ಇನ್ನೂ ಎಲ್ಲಿಗೂ ಬಂದಿಲ್ಲ ಅಂತ ಹೇಳಾಕ ನನಗ ನಾಚಿಕಿ. ಅಷ್ಟರಾಗ ರಬಕವಿಯ ಒಂದು ಪತ್ತಿನ ಸಂಘ ಹುಬ್ಬಳ್ಳಿಯವರ ಕಡೆ ಭಾರಿ ವೆಬ್‌ಸೈಟ್ ಮಾಡಿಸಿತು. ಅಕ್ಕಂದು ಅಲ್ಲಿ ಖಾತೆ ಐತಿ. ಸೀರಿಗಂತ ಕೂಡಿಸಿಟ್ಟದ್ದು ಅಲ್ಲೇ ಇತ್ತು. ಯಾರದೂ ಕೈಕಾಲ ಹಿಡೀದ ತನ್ನ ಖಾತೆ ತಾನ ನೋಡಬೇಕಂತ ಕುಂತಳು.

ಹೆಸರ ಬರದಳು, ನಂಬರ ಬರದಳು, ಎಲ್ಲಾ ಸುಸೂತ್ರ. ಕಡೀಕ ಮಾಸ್ತರ ಓದಿದ: ನೀವು ಮನುಷ್ಯರು ಎಂದು ಖಚಿತಪಡಿಸಲು ಚಿತ್ರದಲ್ಲಿರುವ ಅಕ್ಷರಗಳನ್ನು ಬರೆಯಿರಿ. ಆಮ್ಯಾಲ "ಚಿತ್ರ" ಅಂದ, ನಿಂತ. ಸೊಟ್ಟ ಬರದ ಅಕ್ಷರದ ಚಿತ್ರ ಅದು, ಕಣ್ಣ ಇದ್ದ ನನಗೂ ಎರಡ ಸಲ ತಪ್ಪತೈತಿ. ಕೇಳಿಸಿಕೊಂಡು ಬರೀಲಿಕ್ಕೆ ಒಂದು ಗುಂಡಿ ಇಡಬಹುದಿತ್ತು, ಇಟ್ಟಿಲ್ಲ. ಇಟ್ರ ಆ ಪುಟದ ಚಂದ ಕೆಡತಿತ್ತೇನೋ.

ಅಕ್ಕ ಫೋನ ಹಚ್ಚಿ ಮ್ಯಾನೇಜರ್ರಿಗೆ ಎಲ್ಲಾ ಬಿಡಿಸಿ ಹೇಳಿದಳು. ನನಗ ಕಣ್ಣ ಕಾಣಂಗಿಲ್ರಿ, ನಿಮ್ಮ ಕಂಪ್ಯೂಟರ್ ನೀವು ಮನುಷ್ಯರೇನು ಅಂತ ಕೇಳಾಕತ್ತೈತಿ, ನಾ ಏನಂತ ಹೇಳಲಿ? ಮ್ಯಾನೇಜರ್ರು ಭಾಳ ಮರ್ಯಾದಿ ಮನುಷ್ಯಾರು. ಒಂದ ನಿಮಿಷ ವಿಚಾರ ಮಾಡಿ ಕೇಳಿದ್ರು, "ಅಕ್ಕಾರ, ನಿಮ್ಮ ಮನ್ಯಾಗ ಯಾರರೆ ಮನುಷ್ಯಾರು ಅದಾರೇನ್ರಿ? ಇದ್ರ ಕರೀರಿ."

ಅಕ್ಕ ಫೋನ ಇಟ್ಟು, ನಕ್ಕು, ನಕ್ಕು, ಕಡೀಕ ಕಣ್ಣ ಒರಸಿಕೊಂಡಳು. ನನಗ ನಗಿ ಬರಲಿಲ್ಲ. ನಾ ಬಸ್ ಹತ್ತಿ ರಬಕವಿಗೆ ಹೋಗಿ ಮ್ಯಾನೇಜರ್ರ ಮುಂದ ನಿಂತು, ನಮ್ಮ ಮನಿಯಿಂದ ಮನುಷ್ಯಾ ಬಂದೇನ್ರಿ ಅಂದ್ನಿ. ಅವರು ಕುಂಡ್ರಿಸಿ ಚಾ ತರಿಸಿದ್ರು, ಮತ್ತ ನನ್ನ ಗುರುತಿನ ಚೀಟಿ ಕೇಳಿದ್ರು.

ಬಿಳೇ ಪುಟ

ಮದವಿ ಒಂದೂವರಿ ತಿಂಗಳ ಉಳದಾಗ ನನ್ನ ಅಂಗಡಿ ಮೆಟ್ಟಲ ಹತ್ತಿ ಬಂದವರು ಯಾರು ಅಂದ್ರ ಅದ ಬನಹಟ್ಟಿ ಸಾವ್ಕಾರ್ರು. ಎದರ ಅಂಗಡಿಯವರು ವೆಬ್‌ಸೈಟ್ ಮಾಡಿಸ್ಯಾರಂತ, ಇವರಿಗೆ ನಿದ್ದಿ ಇಲ್ಲ. ನನ್ನ ಮಾರಿ ನೋಡಿ, ಅವತ್ತ ನಮ್ಮ ಅಂಗಡ್ಯಾಗ ಬೈದವರು ನೀವ ಅಲ್ಲೇನ್ರಿ ಅಂದ್ರು. ಹೌದು, ನಾನ ಅಂದ್ನಿ. ಬೈಗಳದಾಗ ಒಂದ ಮಾತೂ ತಪ್ಪಲಿಲ್ಲ ನಿಮಗ, ಕೆಲಸಾನೂ ಹಂಗ ಸ್ವಚ್ಛ ಇರಬೇಕ್ರಿ ಅಂದ್ರು ಪುಣ್ಯಾತ್ಮರು.

ಹೊರಗ ಹಾಕಬೇಕು ಅನ್ನೂ ಸಿಟ್ಟ ಬಂದಿತ್ತು. ಅಕ್ಕನ ಸೀರಿ ನೆನಪಾಗಿ ಕುಂಡರ್ರಿ ಅಂದ್ನಿ. ಒಂದ ಷರತ್ತ ಹಾಕಿದ್ನಿ, ಕಣ್ಣಿಲ್ಲದವರೂ ಓದಿ ಆರಿಸೂಹಂಗ ಮಾಡತೇನಿ, ಒಲ್ಲೆ ಅಂದ್ರ ಬ್ಯಾರೆಯವರ ಕಡೆ ಹೋಗ್ರಿ. ಸಾವ್ಕಾರ್ರು ಉದಾರ ಮನಸಿನ್ಯಾಗ ಒಂದು ಉಪಾಯ ಹೇಳಿದ್ರು. ಕುರುಡರಿಗಂತ ಬ್ಯಾರೆ ಒಂದು ಪುಟ ಮಾಡ್ರಿ, ಬಿಳೇದು. ಚಿತ್ರ ಬ್ಯಾಡ, ಬಣ್ಣ ಬ್ಯಾಡ, ಅಂಗಡಿ ನಂಬರ ಅಷ್ಟ ಇರಲಿ, ಫೋನ ಮಾಡಲಿ, ನಾವ ಒಂದ ಛಲೋದು ಆರಿಸಿ ಕಳಸತೇವಿ.

ಮನಿಗೆ ಬಂದು ಅಕ್ಕಗ ಹೇಳಿದ್ನಿ. ಊರ ಮಂದಿಗೆಲ್ಲಾ ದಡಿ ಸೆರಗ ತೋರಿಸಿ, ನನಗೊಬ್ಬಾಕಿಗೆ ಬಿಳೇ ಸೀರಿ ಉಡಸತಾನೇನು ಅಂತ ಕೇಳಿದಳು. ಅದ ಮಾತ ಹಂಗಿಂದ ಹಂಗ ಹೋಗಿ ಸಾವ್ಕಾರ್ರಿಗೆ ಹೇಳಿದ್ನಿ. ಅವರಿಗೆ ತಟ್ಟಿತು. ಖರೆ ತಟ್ಟಿದ್ದು ಬ್ಯಾರೆ ಕಡೆ. ಅವರಂದ್ರು, ಹೌದ್ರಿ, ಬಿಳೇ ಪುಟ ಇದ್ರ ಅಂಗಡಿಗೆ ಅಪಶಕುನ, ತಗದ ಬಿಡ್ರಿ.

ಮಡಿಕಿ ಒಳಗಿನ ಚೀಟಿ

ಜೀವಕ್ಕ ಜೀವಾ ಕೊಟ್ಟು ಮಾಡಿದ್ನಿ. ಕೆನಿ ಬಣ್ಣದ ಪುಟ, ಅಂಚಿಗೆ ಸೀರಿ ದಡಿ ಹೆಣದಂಗ ಒಂದ ಪಟ್ಟಿ, ದೊಡ್ಡ ಕರೇ ಅಕ್ಷರ, ಸೀರಿ ಫೋಟೋ ಕಣ್ಣಿಗೆ ಹಬ್ಬ. ಫೋಟೋದ ಹಿಂದ ಒಂದ ಸಾಲು ಬರ್ಯಾಕ ಜಾಗ ಇರತೈತಿ. ಪರದೆ ಮ್ಯಾಲ ಅದು ಕಾಣಂಗಿಲ್ಲ, ಚಂದಕ್ಕ ಧಕ್ಕಿ ಇಲ್ಲ. ಮಾಸ್ತರನಂಥಾ ಸಾಫ್ಟ್‌ವೇರ್ ಇದ್ದವರಿಗೆ ಆ ಸಾಲು ಕೇಳಸತೈತಿ. ಇದನ್ನ ಸಾವ್ಕಾರ್ರಿಗೆ, ಅವರ ಗುಮಾಸ್ತಗ ಬಿಡಿಸಿ ಬಿಡಿಸಿ ಹೇಳಿದ್ನಿ. ಪ್ರತಿ ಫೋಟೋದ ಹಿಂದ ಆ ಸೀರಿ ಹ್ಯಾಂಗೈತಿ ಅಂತ ಬರೀರಿ, ಕಣ್ಣಲೆ ನೋಡಾವ್ರಿಗೆ ಇದು ಕಾಣಂಗಿಲ್ಲ. ಇಬ್ಬರೂ ತಲಿ ಅಳ್ಳಾಡಿಸಿದ್ರು. ಅವರ ಕಿವ್ಯಾಗ ಇಳದದ್ದು ಕಾಣಂಗಿಲ್ಲ ಅನ್ನೂ ಮಾತ ಒಂದ ಅಂತ ನನಗೇನ ಗೊತ್ತು.

ಗುಮಾಸ್ತ ಒಂದ ವಾರ ಕುಂತು ಎಲ್ಲಾ ತುಂಬಿದ. ನಾ ಮದವಿ ಗಡಿಬಿಡ್ಯಾಗ, ತುಂಬ್ಯಾನೋ ಇಲ್ಲೋ ಅಂತ ಅಷ್ಟ ನೋಡಿ ಅಕ್ಕನ ಮುಂದ ಇಟ್ನಿ. ಅಕ್ಕ ಕಿವಿಗೆ ಹಾಕ್ಕೊಂಡು ಕುಂತಳು. ಸ್ವಲ್ಪ ಹೊತ್ತಿಗೆ ನಗಾಕತ್ತಳು. ಊಟಕ್ಕ ಕರದ್ರೂ ಏಳಲಿಲ್ಲ. ಹ್ಯಾಂಗೈತೆ ಅಕ್ಕಾ ಅಂದ್ರ, ಭಾಳ ಛಲೋ ಆಗೈತೋ ತಮ್ಮಾ, ಒಂದ ಅಕ್ಷರಾ ಮುಟ್ಟಬ್ಯಾಡ ಅಂದಳು. ಇಷ್ಟ ವರ್ಷದಾಗ ಆಕಿ ಬಾಯಾಗ ಈ ಮಾತ ಕೇಳಿರಲಿಲ್ಲ. ನಾ ಹೆಂಡತಿ ಮುಂದ ಹೋಗಿ ಹೇಳಿಕೊಂಡ್ನಿ. ಅಕ್ಕ ಅವತ್ತ ತನ್ನ ಕೈಲೆ ಒಂದ ಸೀರಿ ಆರಿಸಿ, ತಾನ ಗುಂಡಿ ಒತ್ತಿ ತರಿಸಾಕ ಹಾಕಿದಳು.

ಮರುದಿನಾ ಸಾವ್ಕಾರ್ರ ಫೋನ ಬಂತು. ನಿಮ್ಮ ಅಕ್ಕಾರು ಆರಿಸಿದ ಸೀರಿ ಮಾರಾಟಕ್ಕಿಲ್ರಿ, ಫೋಟೋ ಬರೇ ಶೋಭೆಗಂತ ಹಚ್ಚಿದ್ದು. ಅದರ ಬಾಜೂಕ ಇರೂದೂ ಕೆಂಪನ ಐತಿ, ಅದನ್ನ ಕಳಸತೇನಿ, ಅವರಿಗೇನ ಗೊತ್ತಾಗತೈತಿ. ನನ್ನ ನೆತ್ತಿ ಕಾದ ಹೋತು. ಬಾಯಿ ತಗ್ಯೂದ್ರಾಗ, ಬಾಜೂಕ ಕುಂತು ಎಲ್ಲಾ ಕೇಳಿಸಿಕೊಂಡಿದ್ದ ಅಕ್ಕ ಫೋನ ಕಸಗೊಂಡು, ಎಲ್ಲಾರಿಗೂ ಕೇಳೂಹಂಗ ಇಟ್ಟಳು.

"ಬಾಜೂಕ ಇರೂದು ಯಾವದ್ರಿ ಸಾವ್ಕಾರ್ರ? 'ಒಂದ ಸಲ ತೊಳದ್ರ ಬಣ್ಣ ಬಿಡತೈತಿ, ದೂರದ ಊರವರಿಗೆ ಕೊಡ್ರಿ' ಅಂತ ಬರದೀರಲ್ಲ, ಅದ?"

ನನಗ ಮದ್ಲ ತಿಳೀಲಿಲ್ಲ. ಆಮ್ಯಾಲ ತಿಳೀತು. ಹಳೇ ಸೀರಿ ಅಂಗಡಿಗೋಳದಾಗ ಒಂದ ಪದ್ಧತಿ ಐತಿ. ಸೀರಿ ಮಡಿಕಿ ಒಳಗ, ಅಂಗಡಿಯವರಿಗಷ್ಟ ತಿಳ್ಯಾಕಂತ ಒಂದ ಸಣ್ಣ ಚೀಟಿ ಇಟ್ಟಿರತಾರ. ಯಾವಾಗಿನ ಮಾಲು, ಏನ ಕೊರತಿ, ಎಂಥವರಿಗೆ ದಾಟಸಬೇಕು ಅಂತ. ಗಿರಾಕಿ ಮುಂದ ಬಿಚ್ಚೂವಾಗ ಗುಮಾಸ್ತ ಚೀಟಿ ಅಂಗೈಯಾಗ ಮುಚ್ಚಿ ತಗದಬಿಡತಾನ. ಮಂದಿಗೆ ಕಾಣಂಗಿಲ್ಲ ಅಂತ ನಾ ಹೇಳಿದ ಜಾಗಾ ಅವಗ ಆ ಮಡಿಕಿಯಂಗ ಕಂಡೈತಿ. ಎಲ್ಲಾ ಚೀಟಿ ಹಂಗಿಂದ ಹಂಗ ಬರದಾನ. ಕಣ್ಣಿದ್ದ ಗಿರಾಕಿಗೋಳೆಲ್ಲಾ ಫೋಟೋ ನೋಡಿ ಮರುಳಾಗಾಕತ್ತಾಗ, ಮಾಸ್ತರ ನಮ್ಮ ಅಕ್ಕಗ ಒಂದೊಂದ ಚೀಟಿ ಸ್ಪಷ್ಟ ಓದಿ ಹೇಳ್ಯಾನ.

ಅಕ್ಕ ಬಿಡಲಿಲ್ಲ, ಫೋನಿನ್ಯಾಗ ಒಂದರ ಮ್ಯಾಲೊಂದ ಒಪ್ಪಸಿದಳು. ಸೆರಗಿನ ಮೂಲಿಗೆ ಇಲಿ ಕಡದೈತಿ, ಬಿಚ್ಚದ ತೋರಸ್ರಿ. ಮೂರ ದೀಪಾವಳಿ ಕಂಡ ಮಾಲು, ಆಯೇರಿಗೆ ಕೇಳಿದವ್ರಿಗೆ ದಾಟಸ್ರಿ. ಇದನ್ನ ಸಾಲಿ ಮಾಸ್ತರ್ತಿ ಮಂದಿಗೆ ತೋರಿಸಬ್ಯಾಡ್ರಿ, ಭಾಳ ಎಳದ ನೋಡತಾರ. ಕಡೀಕ ತಾ ಆರಿಸಿದ್ದರ ಚೀಟಿ ಹೇಳಿದಳು: ಅಪರೂಪದ ಮಾಲು, ದಾಳಿಂಬ್ರಿ ಕೆಂಪ, ನವಿಲಗರಿ ದಡಿ, ನಮ್ಮ ಮನಿ ಮಗಳಿಗೆ ಇಟ್ಟದ್ದು, ಗಿರಾಕಿಗೆ ಕೊಡಬ್ಯಾಡ್ರಿ.

ನಿಮಗ ಇದನ್ನೆಲ್ಲಾ ಯಾರ ಹೇಳಿದ್ರು ಅಂತ ಸಾವ್ಕಾರ್ರು ಕೇಳಿದ್ರು.

"ಯಾರೂ ಹೇಳಿಲ್ರಿ. ನಾನ ಓದೇನಿ" ಅಂದಳು ಅಕ್ಕ. "ನಿಮ್ಮ ಮನಿ ಮಗಳಿಗೆ ಇಟ್ಟದ್ದು ನಮ್ಮ ಮನಿ ಮಗಳಿಗೆ ಕೊಡ್ರಿ."

ಎರಡ ದಿನಕ್ಕ ಸಾವ್ಕಾರ್ರು ತಾವ ಸೀರಿ ತಗೊಂಡು ನಮ್ಮ ಮನಿಗೆ ಬಂದ್ರು. ನಾ ಬಾಗಲದಾಗ ನಿಂತಿದ್ನಿ, ನನ್ನ ದಾಟಿ ಒಳಗ ಹೋಗಿ ಅಕ್ಕನ ಎದರಿಗೆ ಚಾಪಿ ಮ್ಯಾಲ ಕುಂತ್ರು. ಅಕ್ಕಾರ ಅಂತ ಮಾತಾಡಿಸಿದ್ರು, ಇದು ಮೈ ನೋಡ್ರಿ, ಇದು ದಡಿ, ಇಲ್ಲಿಂದ ಸೆರಗ ಸುರು ಅಂತ ಒಂದೊಂದ ಆಕಿ ಕೈಗೆ ಕೊಟ್ಟು ಹೇಳಿದ್ರು. ನನ್ನ ಕಡೆ ಒಂದ ಸಲಾನೂ ತಿರಗಲಿಲ್ಲ. ಅಕ್ಕ ಸೀರಿ ತೊಡಿ ಮ್ಯಾಲ ಹರವಿಕೊಂಡು ಕೈ ಆಡಿಸಿದಳು. ಬಣ್ಣ ಯಾವದಂತ ಯಾರನ್ನೂ ಕೇಳಲಿಲ್ಲ. ನನ್ನ ಮಗಳು ಅದನ್ನ ಅಲ್ಲೇ ಉಟ್ಟು ತೋರಿಸಿದಳು. ನನಗ ಅಳು ತಡೀಲಾರದ ಹಿತ್ತಲಕ್ಕ ಹೋಗಿ ಬಂದ್ನಿ.

ಚಾ ಆತು. ಸಾವ್ಕಾರ್ರು ಏಳವಲ್ರು. ಗಂಟಲ ಸರಿ ಮಾಡಿಕೊಂಡು ನನ್ನ ಹತ್ರ ಬಂದ್ರು. ವೆಬ್‌ಸೈಟ್ ಭಾಳ ಚಂದ ಆಗೈತ್ರಿ, ಅದಕ್ಕ ತಕರಾರಿಲ್ಲ, ಒಂದ ಸಣ್ಣ ಕೆಲಸ ಐತಿ ಅಂದ್ರು. ಆ ಚೀಟಿ ತಗ್ಯಾಕ ಹೇಳತಾರಂತ ತಿಳಕೊಂಡ್ನಿ. ಚೀಟಿ ಇರಲಿ, ಗುಮಾಸ್ತಗ ಅನುಕೂಲ ಆಗೈತಿ ಅಂದ್ರು. ಮತ್ತೇನು ಅಂದ್ರ, ದನಿ ಸಣ್ಣ ಮಾಡಿ ಕೇಳಿದ್ರು, "ಕುರುಡರಿಗೆ ಓದಾಕ ಬರದಂಗ ಮಾಡಿಕೊಡತೀರೇನ್ರಿ?"

ಊರೂರಾಗ ಗಿರಾಕಿ ಕಳಕೊಂಡು, ಓದಾಕ ಬರೂಹಂಗ ಮಾಡ್ರಿ ಅಂತ ಕಂಡವರ ಕಾಲ ಹಿಡದವ ನಾನು. ಅಕ್ಕ ಒಳಗಿಂದ ಉತ್ತರಾ ಕೊಟ್ಟಳು.

"ಯಾರ ಕಡೆ ಬೇಕಾದ್ರೂ ಹೋಗ್ರಿ ಸಾವ್ಕಾರ್ರ, ಎಲ್ಲಾರಿಗೂ ಬರತೈತಿ ಅದು. ನಮ್ಮ ತಮ್ಮಗ ಒಬ್ಬಗ ಬರಂಗಿಲ್ಲ."